ನಾರಾಯಣಪ್ಪನವರ ಆರನೆಯ ಹಾಳೆ

೧೯೪೨ರಲ್ಲಿ ನಾನು ಮುಳಬಾಗಿಲಿನ ಒಂದು ಹೈಸ್ಕೂಲಿನಲ್ಲಿ ಗಣಿತದ ಹಿರಿಯ ಉಪಾಧ್ಯಾಯನಾಗಿದ್ದೆ. ಶಾಲೆಯಲ್ಲಿ ಗಣಿತದ ಎಂ.ಎ. ಮಾಡಿದ್ದವನು ನಾನೊಬ್ಬನೇ, ಆ ಜಂಬ ಸ್ವಲ್ಪ ಹೆಚ್ಚಾಗಿಯೇ ಇತ್ತು. ನನ್ನ ಕೈಕೆಳಗೆ ಬೈರಕೂರಿನ ನಾರಾಯಣಪ್ಪನವರಿದ್ದರು. ಮನೆಮಾತು ತೆಲುಗು, ಮಾತು ಕಡಿಮೆ, ಓದು ಬಿ.ಎಸ್ಸಿ.ಗೇ ನಿಂತಿತ್ತು.

ಬೆಂಗಳೂರಿನಲ್ಲಿ ನನ್ನ ಪ್ರೊಫೆಸರರು ಸಂಶೋಧನೆಗೆ ಒಬ್ಬರನ್ನು ತೆಗೆದುಕೊಳ್ಳುವವರಿದ್ದರು. ಅದು ತಿಳಿದು ನಾರಾಯಣಪ್ಪನವರು ಹನ್ನೊಂದು ಹಾಳೆಗಳ ಪ್ರಬಂಧವೊಂದನ್ನು ನನ್ನ ಮೇಜಿನ ಮೇಲಿಟ್ಟರು.

"ನೀವು ಸರಿ ಅಂದ್ರೆ ಕಳ್ಸಿ ಸಾರ್. ಇಲ್ಲಾಂದ್ರೆ ಬ್ಯಾಡ."

ವಿಷಯ ಟೋಪೋಲಾಜಿಕಲ್ ಗ್ರೂಪುಗಳ ಮೇಲಿನ ಫಂಕ್ಷನಲ್ ಈಕ್ವೇಷನ್. ಎರಡನ್ನು ಕೂಡಿ ಒಂದು ನಿಯಮ ಹಚ್ಚಿದರೂ, ಬೇರೆ ಬೇರೆಯಾಗಿ ಹಚ್ಚಿ ಆಮೇಲೆ ಕೂಡಿದರೂ ಒಂದೇ ಉತ್ತರ ಬರಬೇಕು. ಅಂಥ ನಿಯಮಗಳು ಯಾವುವು ಎಂಬುದೇ ಪ್ರಶ್ನೆ. ಕೂಡುವುದರ ಜೊತೆಗೆ ಹತ್ತಿರ, ದೂರ ಎಂಬ ಲೆಕ್ಕವೂ ಇರುವ ಕಡೆ ಇದನ್ನು ಬಿಡಿಸಬೇಕು. ಶೂನ್ಯದ ಆಸುಪಾಸಿನಲ್ಲಿ ಉತ್ತರಗಳು ಒಂದು ಮಿತಿಯೊಳಗಿದ್ದರೆ ಸಾಕು, ನಿಯಮ ಎಲ್ಲಿಯೂ ತಟ್ಟನೆ ಹಾರುವುದಿಲ್ಲ, ಅಂದರೆ ಕಂಟಿನ್ಯುಯಸ್ ಆಗಿಯೇ ಇರುತ್ತದೆ ಎಂದು ಅವರ ವಾದ.

ಆರನೆಯ ಹಾಳೆಯಲ್ಲಿ ಆ ಮಾತು ಹೇಳಿ, ಕಾರಣ ಕೊಡದೆ ಮುಂದೆ ಹೋಗಿದ್ದರು. ಪ್ರಬಂಧವೆಲ್ಲ ಅದರ ಮೇಲೆಯೇ ನಿಂತಿತ್ತು. ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, "ಈ ಹೆಜ್ಜೆ ನಿಲ್ಲುವುದಿಲ್ಲ" ಎಂದು ಬರೆದು ಹಿಂತಿರುಗಿಸಿದೆ. ಅವರು ಅದನ್ನೇ ದಿಟ್ಟಿಸಿ ನೋಡಿ, ಹಾಳೆಗಳನ್ನು ಮಡಿಸಿಕೊಂಡು ತರಗತಿಗೆ ಹೋದರು. ವಾದಿಸದಿದ್ದುದನ್ನು ನಾನು ಒಪ್ಪಿಗೆಯೆಂದುಕೊಂಡೆ. ಬೆಂಗಳೂರಿನ ಜಾಗ ಬೇರೆಯವರಿಗೆ ಹೋಯಿತು. ಮರುವರ್ಷ ಅವರಿಗೆ ಶ್ರೀನಿವಾಸಪುರಕ್ಕೆ ವರ್ಗವಾಯಿತು.

೧೯೪೭ರಲ್ಲಿ ಪರೀಕ್ಷೆಯ ಮೇಲ್ವಿಚಾರಣೆಗೆಂದು ಅಲ್ಲಿಗೆ ಹೋದಾಗ ನಾರಾಯಣಪ್ಪನವರು ಮನೆಗೆ ಊಟಕ್ಕೆ ಕರೆದರು. ಊಟವಾದ ಮೇಲೆ ಟ್ರಂಕಿನಿಂದ ಆ ಆರನೆಯ ಹಾಳೆ ತಂದರು.

"ಐದು ವರ್ಷದಿಂದ ಹುಡುಕ್ತಾ ಇದೀನಿ ಸಾರ್. ತಪ್ಪು ಎಲ್ಲಿದೆ ಅಂತ ಇನ್ನೂ ಗೊತ್ತಾಗಿಲ್ಲ. ತಾವೇ ತೋರ್ಸಿ," ಎನ್ನುತ್ತ ಹಾಳೆಯನ್ನು ಮಗುಚಿ ನನ್ನ ಕೈಗಿತ್ತರು.

ಹಿಂಬದಿಯಲ್ಲಿ ಆರು ಸಾಲುಗಳಿದ್ದವು. ಒಂದು ಬಿಂದುವನ್ನು ನೂರು ಸಲ ಕೂಡಿದರೂ ಶೂನ್ಯದ ಆಸುಪಾಸಿನಲ್ಲೇ ಉಳಿಯುವುದಾದರೆ, ಅದರ ಉತ್ತರ ಆ ಮಿತಿಯ ನೂರರಲ್ಲೊಂದು ಪಾಲನ್ನು ಮೀರಲಾರದು. ನೂರರ ಬದಲು ಎಷ್ಟು ದೊಡ್ಡ ಸಂಖ್ಯೆಯಾದರೂ ಸರಿ. ಎಂದರೆ ಶೂನ್ಯದ ಹತ್ತಿರ ಬಂದಷ್ಟೂ ಉತ್ತರವೂ ಶೂನ್ಯಕ್ಕಿಳಿಯುತ್ತದೆ, ಹಾರಲು ಎಡೆಯೇ ಇಲ್ಲ. ಅಷ್ಟೇ. ಅದರಲ್ಲಿ ಒಂದು ಕೂದಲೆಳೆಯ ತಪ್ಪೂ ಇರಲಿಲ್ಲ.

ಯುದ್ಧಕಾಲದಲ್ಲಿ ಕಾಗದ ಸಿಗದೆ ಅವರು ಆ ಒಂದು ಹಾಳೆಯ ಎರಡೂ ಬದಿ ಬಳಸಿದ್ದರು. ಉತ್ತರ ಮುಂಬದಿಗೆ, ಹಿಂಬದಿ ರಫ್ ವರ್ಕಿಗೆ ಎಂದು ಶಾಲೆಯಲ್ಲಿ ನಿಯಮ ಮಾಡಿದವನೇ ನಾನು. ಯಾರ ಹಾಳೆಯನ್ನೂ ಮಗುಚಿ ನೋಡಿದವನಲ್ಲ. 'ಹಿಂದೆ ನೋಡಿ' ಎಂದು ಅವರು ಹಾಕಿದ್ದ ಪುಟ್ಟ ಬಾಣದ ಗುರುತಿನ ಮೇಲೆಯೇ ನನ್ನ ಕೆಂಪು ಸುತ್ತು ಕೂತಿತ್ತು.

ನಾನು ಹಿಂಬದಿ ನೋಡಿಯೇ ಇರಲಿಲ್ಲವೆಂದು ಇದ್ದುದನ್ನು ಇದ್ದ ಹಾಗೆ ಹೇಳಿದೆ. ಈಗಲಾದರೂ ಕಳಿಸೋಣ ಎಂದೆ.

"ಪೋನೀಲೆಂಡಿ ಸಾರ್," ಎಂದರು, ಹೋಗಲಿ ಬಿಡಿ ಎಂದು. ಮನಸ್ಸು ಕಲಕಿದಾಗ ಅವರ ಬಾಯಿಗೆ ತೆಲುಗೇ ಬರುತ್ತಿತ್ತು. ಹಾಳೆಯನ್ನು ಮಡಿಸಿ ಟ್ರಂಕಿಗೆ ಹಾಕುತ್ತ ಹೇಳಿದರು: "ನಿಮ್ಗೆ ಕಂಡ ತಪ್ಪು ನನಗೆ ಕಾಣ್ತಿಲ್ಲ ಅಂದ್ರೆ ನನ್ ತಲೇನೇ ಸರಿಯಿಲ್ಲ ಅಂದ್ಕೊಂಡು, ಹೊಸದಾಗಿ ಗಣಿತ ಮಾಡೋದೇ ಬಿಟ್ಬಿಟ್ಟೆ ಸಾರ್."

ಅಂದಿನಿಂದ ನಿವೃತ್ತಿಯವರೆಗೆ, ಹಾಳೆಯನ್ನು ಮಗುಚಿ ನೋಡದೆ ನಾನು ಕೆಂಪು ಶಾಯಿ ಮುಟ್ಟಲಿಲ್ಲ. ಅದರಿಂದ ಎಷ್ಟೋ ವಿದ್ಯಾರ್ಥಿಗಳಿಗೆ ಒಳ್ಳೆಯದಾಗಿರಬಹುದು. ನಾರಾಯಣಪ್ಪನವರಿಗೆ ಆಗಲಿಲ್ಲ.