ರಾಸ್ಕಾಮನ್‌ಗೆ ಹೋದ ಬೂಟು

ಅಕ್ಕ ಕುವೈತಿನ ನರ್ಸ್ ಕೆಲಸ ಬಿಟ್ಟು ಐರ್ಲೆಂಡಿನ ರಾಸ್ಕಾಮನ್ ಎಂಬ ಹಳ್ಳಿಗಾಡಿನ ಕೌಂಟಿಗೆ ಹೋಗಿ ನಾಲ್ಕು ವರ್ಷವಾಗಿತ್ತು. ಆ ಕಡೆ ಯಾರು ಹೊರಟರೂ ಅವರ ಕೈಯಲ್ಲಿ ನಾನೊಂದು ಕಟ್ಟು ಕಳಿಸುತ್ತಿದ್ದೆ. ಕುಚ್ಚಲಕ್ಕಿ, ಒಣ ಸಿಗಡಿ, ಹಪ್ಪಳ. ಗಲ್ಫಿನಲ್ಲಿರುವ ನಮಗೆ ಅದೇ ಅಂಚೆ. ಕಳೆದ ಸಲ ಕಟ್ಟು ತಲುಪಿದಾಗ ಅಕ್ಕ ಫೋನಿನಲ್ಲಿ ಹೇಳಿದಳು: "ಇನ್ನು ಎಂತದೂ ಕಳಿಸ್ಬೇಡ ಮಾರಾಯ. ನನಗೆ ನಿನ್ನ ಮುಖ ನೋಡ್ಲಿಕ್ಕುಂಟು. ನೀನೇ ಬಾ."

ನಾನು ಮೊದಲಿಂದಲೂ ಪುಕ್ಕಲ. ಈದ್ ರಜೆಗೆ ನನಗೆ, ಹೆಂಡತಿಗೆ, ಮಗಳಿಗೆ ಟಿಕೆಟ್ ಮಾಡಿಸಿದ ದಿನದಿಂದಲೇ ಹೆದರಿಕೆ ಶುರುವಾಯಿತು. ಅಕ್ಕ ತೋರಿಸುತ್ತೇನೆ ಎಂದದ್ದೆಲ್ಲ ಹೆದರಿಸುವಂಥದ್ದೇ: ಛಾವಣಿಯಿಲ್ಲದ ಹಳೆಯ ಕೋಟೆ, ದೊಡ್ಡ ಸರೋವರದಲ್ಲಿ ದೋಣಿ, ಹಿಂದಿನ ಕಾಲದ ರಾಜರ ದಿಬ್ಬ, ಅದರ ಹತ್ತಿರ ಕೆಸರಿನಲ್ಲಿ ತೆವಳಿ ಇಳಿಯಬೇಕಾದ ಒಂದು ಗುಹೆ. ಮಗಳು ಗುಹೆಯೇ ಬೇಕೆಂದು ಹಠ ಹಿಡಿದಳು. ಹದಿನಾರು ವರ್ಷ ಕುವೈತಿನಲ್ಲೇ ಬೆಳೆದವಳು, ಮಾಲಿನ ಎಸಿಯಲ್ಲಿ ಬಿಟ್ಟರೆ ನಡೆದು ಗೊತ್ತಿಲ್ಲ. ಹೊಸ ಬೂಟು ಪಳಗಲಿ ಎಂದು ಸಂಜೆ ನಾವಿರುವ ಅಹ್ಮದಿ ಪಟ್ಟಣದ ಮರಗಳಿರುವ ಬೀದಿಯಲ್ಲಿ ಇಬ್ಬರೂ ನಡೆದೆವು. ಹದಿನೈದು ನಿಮಿಷಕ್ಕೆ ಅಂಗಿ ಒದ್ದೆ.

"ಗುಹೆಯಲ್ಲಿ ಸಿಕ್ಕಿ ಬಿದ್ರೆ ಎಂತ ಮಾಡುದು?" ಎಂದೆ.

"ಅಪ್ಪಾ, ರಿಲ್ಯಾಕ್ಸ್," ಎಂದಳು ಅವಳು.

ಖಾಸಗಿ ಕಂಪನಿಯಲ್ಲಿರುವ ನಮ್ಮಂಥವರು ಈಗ ಕುವೈತ್ ಬಿಡಬೇಕಾದರೆ ಎಕ್ಸಿಟ್ ಪರ್ಮಿಟ್ ಬೇಕು. ಫೋನಿನಲ್ಲೇ ಅರ್ಜಿ ಹಾಕಬೇಕು, ಆಫೀಸಿನಿಂದ ಒಪ್ಪಿಗೆ ಬರಬೇಕು. ಹೆಂಡತಿ ಮಕ್ಕಳಿಗೆ ಈ ಕಾಟವಿಲ್ಲ. ಕೊನೆಗಳಿಗೆಯಲ್ಲಿ ಏನಾದರೂ ಎಡವಟ್ಟಾದೀತೆಂದು ನಾನು ತುಂಬಾ ಮೊದಲೇ ಅರ್ಜಿ ಹಾಕಿದೆ. ಒಪ್ಪಿಗೆಯೂ ಬಂತು. ಅದರ ಚಿತ್ರ ಹೆಂಡತಿಗೆ ಕಳಿಸಿದೆ, ಎರಡು ಪ್ರಿಂಟ್ ತೆಗೆದೆ, ದಿನಕ್ಕೆ ನಾಲ್ಕು ಸಲ ತೆರೆದು ನೋಡಿ ಸಮಾಧಾನಪಟ್ಟೆ. ಈ ನಡುವೆ ನಮ್ಮ ವಿಮಾನ ಭಾನುವಾರದಿಂದ ಎರಡು ದಿನ ಮೊದಲಿನ ಶುಕ್ರವಾರಕ್ಕೆ ಬದಲಾಯಿತು. ರಜೆ ತಿದ್ದಿಸಿದೆ, ಅಕ್ಕನಿಗೆ ತಿಳಿಸಿದೆ. ಪರ್ಮಿಟ್ ಮಾತ್ರ ಹಾಗೆಯೇ ಉಳಿಯಿತು. ಅಷ್ಟು ಸಲ ನೋಡಿದರೂ ತಾರೀಖು ಓದಿರಲಿಲ್ಲ.

ಶುಕ್ರವಾರ ಪೆಟ್ಟಿಗೆಗಳನ್ನು ಒಳಗೆ ಕಳಿಸಿ ಪಾಸ್‌ಪೋರ್ಟ್ ಸಾಲಿನಲ್ಲಿ ನಿಂತಾಗ ಅಧಿಕಾರಿ ನನ್ನದನ್ನು ಹಿಂದೆ ಸರಿಸಿದ. "ಇದು ಭಾನುವಾರದಿಂದ," ಎಂದ.

ಅಲ್ಲೇ ನಿಂತು ಹೊಸ ಅರ್ಜಿ ಹಾಕಿದೆ, ಒಪ್ಪಿಗೆ ಕೊಡಬೇಕಾದ ಮ್ಯಾನೇಜರಿಗೆ ಫೋನ್ ಮಾಡಿದೆ. ರಿಂಗ್ ಆಗುತ್ತಲೇ ಇತ್ತು, ಅವರು ಎತ್ತಲಿಲ್ಲ. ಜುಮ್ಮಾ ನಮಾಜಿನ ಹೊತ್ತು. ನಮಾಜಿಗೆ ಹೋಗುವಾಗ ಫೋನನ್ನು ಕಾರಿನಲ್ಲೇ ಬಿಟ್ಟು ಹೋಗುವವರು ಅವರು. ಅದು ಸರಿಯೂ ಹೌದು, ತಪ್ಪೆಲ್ಲ ನನ್ನದೇ.

"ಹಾಗಾದ್ರೆ ನಾವೂ ಹೋಗುದು ಬೇಡ," ಎಂದಳು ಹೆಂಡತಿ. ಅವಳ ಕಣ್ಣು ತುಂಬಿತ್ತು.

ಮನೆಯಲ್ಲಿ ಇಂಗ್ಲಿಷ್ ಬಿಟ್ಟು ಬೇರೇನೂ ಮಾತಾಡದ ಮಗಳು ನನ್ನ ತೋಳು ಹಿಡಿದು ಕನ್ನಡದಲ್ಲಿ, "ಅಪ್ಪಾ, ಅಮ್ಮನನ್ನು ನಾನು ನೋಡ್ಕೊಳ್ತೇನೆ. ನೀವು ಹೆದ್ರಬೇಡಿ," ಎಂದಳು. ನಾನು ಇಬ್ಬರನ್ನೂ ಕಳಿಸಿದೆ.

ಒಪ್ಪಿಗೆ ಬಂದಾಗ ವಿಮಾನದ ಬಾಗಿಲು ಮುಚ್ಚಿಯಾಗಿತ್ತು. ಹಿಂದೆಯೇ ಮ್ಯಾನೇಜರ್ ಫೋನ್ ಮಾಡಿದರು. "ಖಲಾಸ್, ಆಯ್ತು, ಈಗ ಹೋಗು. ಈದ್ ಮುಬಾರಕ್." ಹಬ್ಬದ ಗಲಾಟೆಯಲ್ಲಿ, ಇವರಿಬ್ಬರು ಹಿಂತಿರುಗುವ ದಿನದವರೆಗೂ ಯಾವ ವಿಮಾನದಲ್ಲೂ ಸೀಟಿರಲಿಲ್ಲ.

ಮೂರನೆಯ ದಿನ ವಿಡಿಯೋ ಕರೆ ಬಂತು. ಗುಹೆಯಿಂದ ಬಂದ ಮಗಳು ಹಣೆಯವರೆಗೆ ಕೆಸರು ಮೆತ್ತಿಕೊಂಡು ನಗುತ್ತಿದ್ದಳು. ಹಿಂದೆ ಸಣ್ಣ ಮಳೆ, ಕಣ್ಣು ಕುಕ್ಕುವಷ್ಟು ಹಸಿರು. ನಾನು ಮೊದಲು ಕೇಳಿದ್ದು, ಪೆಟ್ಟು ಆಯ್ತಾ ಎಂದೇ.

ಅಕ್ಕ ಫೋನು ತೆಗೆದುಕೊಂಡಳು. ಕೂದಲು ಪೂರ್ತಿ ನರೆತಿತ್ತು. ಫೋನನ್ನು ಬಾಗಿಲ ಕಡೆ ತಿರುಗಿಸಿದಳು. ಅಲ್ಲಿ ಅವರ ಮೂವರ ಕೆಸರಾದ ಬೂಟುಗಳ ಪಕ್ಕ ನನ್ನದೂ ಇತ್ತು, ಹೆಂಡತಿಯ ಪೆಟ್ಟಿಗೆಯಲ್ಲಿ ಹೋದದ್ದು, ಒಂದಿಷ್ಟೂ ಮಣ್ಣಾಗದೆ.

"ಈ ಸಲವೂ ಕಟ್ಟೇ ಬಂತಲ್ಲ ಮಾರಾಯ," ಎಂದಳು.

ಪರ್ಮಿಟ್ಟಿನ ಕತೆ ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಫೋನನ್ನು ಮಗಳ ಕೈಗೆ ಕೊಟ್ಟಿದ್ದಳು.