ಫ್ರಿಜ್ಜಿನ್ಯಾಗ ಸಿಕ್ಕ ನನ್ನ ಇಂಜೆಕ್ಷನ್

ನಾನು ಇಚಲಕರಂಜಿಯೊಳಗ ಮಗ್ಗ ನಡಸಾಕಿ. ಗಂಡಾಗಿ ಹುಟ್ಟಿದ್ದೆ, ಈಗ ಹೆಣ್ಣಾಗಿ ಬದುಕಾಕ ಔಷಧ ತಗೋತೇನಿ ಅಂತ ಗಡಹಿಂಗ್ಲಜದ ಅಣ್ಣನ ಮನ್ಯಾಗ ಇನ್ನೂ ಬಾಯಿಬಿಟ್ಟು ಹೇಳಿರಲಿಲ್ಲ. ಹೋದ ಚಳಿಗಾಲದಾಗ ಅಲ್ಲಿಗೆ ಹೋದಾಗ, ಮುಂಜಾನೆ ನೋಡಿದ್ರ ಬ್ಯಾಗಿನ್ಯಾಗಿನ ಇಂಜೆಕ್ಷನ್ ಬಾಟ್ಲಿ ಇಲ್ಲ! ಬ್ಯಾಗ ಬೋರಲ ಹಾಕಿ ಹುಡುಕಿದೆ.

“ಅರಿಬಿ ಒಗ್ಯಾಕ ತಗದಾಗ ಸಿಕ್ತು. ಇಂಜೆಕ್ಷನ್ ಹೊರಗ ಇಡತಾರೇನ? ನನ್ನ ಇನ್ಸುಲಿನ್ ಬಾಜೂಕ ಫ್ರಿಜ್ಜಿನ್ಯಾಗ ಇಟ್ಟೇನಿ,” ಅಂದ್ಲು ಅಣ್ಣನ ಹೆಂಡ್ತಿ, ನಮ್ಮ ವೈನಿ.

ತಗದು ನೋಡಿದ್ರ ಥಂಡಿಗೆ ಬಾಟ್ಲಿ ಒಳಗ ಹರಳು ಕಟ್ಟಿದ್ವು. ಅವತ್ತ ಚುಚ್ಚಿಸಿಕೊಳ್ಳೋ ದಿನ. ಕೊಲ್ಹಾಪುರದ ಡಾಕ್ಟರಿಗೆ ಫೋನ್ ಹಚ್ಚಿದೆ.

“ಕೆಟ್ಟಿಲ್ಲ. ಅಂಗೈಯಾಗ ಹಿಡದು ಬೆಚ್ಚಗ ಮಾಡ್ರಿ, ಹರಳು ಪೂರಾ ಕರಗಿ ತಿಳಿ ಆದಮ್ಯಾಲೆ ಚುಚ್ಚಸ್ರಿ,” ಅಂದ್ರು.

ವೈನಿ ಬಾಟ್ಲಿ ಕಸಗೊಂಡು ತಾನ ಮುಷ್ಟ್ಯಾಗ ಹಿಡದ್ಲು. “ಏನೈತಿ ಇದರಾಗ? ಎಣ್ಣಿ ಇದ್ದಂಗ ಕಾಣತೈತಿ.”

“ಎಣ್ಣ್ಯಾಗ ಕಲಸಿದ ಹೆಣ್ಣಿನ ಹಾರ್ಮೋನ್ ರೀ, ವೈನಿ,” ಅಂದೆ, ನೆಲಾ ನೋಡಕೋತ. “ಖಂಡದಾಗ ಕುಂತು ಸಾವಕಾಶ ರಕ್ತಕ್ಕ ಇಳೀತೈತಿ. ಅದಕ್ಕ ವಾರಕ್ಕೊಮ್ಮೆ ಚುಚ್ಚಿದ್ರ ಸಾಕು.”

“ವಾರಕ್ಕ ಒಂದ? ನಂದು ದಿನಾ ಊಟಕ್ಕ ಮೊದಲ ಐತಿ. ಆರಾಮದೀ ಬಿಡವಾ!”

ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಹಂಗ ಉಳದ್ವು. ವೈನಿಗೆ ಸಿಟ್ಟ ಬರತೈತಿ ಅಂತ ಅಂಜಿದ್ದೆ. ಆಕಿಗೆ ಆಗಿದ್ದು ಹೊಟ್ಟಿಕಿಚ್ಚು.