ಪರದೆಯೊಳಗಿನ ಸೂರಕ್ಕಿ

ಎರಡು ಸಾವಿರದ ಇಸವಿ ದಾಟಿದ ಹೊಸದರಲ್ಲಿ ನಾನು ಮದುವೆಯಾಗಿ ಮೇಡ್ಲೇರಿಗೆ ಬಂದೆ. ರಾಣೆಬೆನ್ನೂರಿನ ಬೀಜದ ಕಂಪನಿಯೊಂದಕ್ಕಾಗಿ ನಮ್ಮ ಹೊಲದಲ್ಲಿ ಟೊಮ್ಯಾಟೊ ಹಾಕಿದ್ದರು. ಸುತ್ತಲೂ ಬಿಳಿ ಪರದೆ, ಮೇಲೆಯೂ ಅದೇ. ಅದರೊಳಗೆ ದುಂಬಿಯ ಕೆಲಸ ನಮ್ಮದು: ಒಂದು ತಳಿಯ ಪರಾಗವನ್ನು ಬೆರಳುಂಗುರದ ಪುಟ್ಟ ಬಟ್ಟಲಲ್ಲಿ ತುಂಬಿಕೊಂಡು ಇನ್ನೊಂದು ತಳಿಯ ಹೂವಿಗೆ ಮುಟ್ಟಿಸುವುದು. ಹೊರಗಿನ ದುಂಬಿ ಒಳಗೆ ಬಂದರೆ ಬೀಜವೆಲ್ಲ ಕಲಬೆರಕೆ. ಅದಕ್ಕೇ ಮುಡಿದ ಹೂವನ್ನೂ ಬಾಗಿಲಲ್ಲೇ ತೆಗೆದಿಡಬೇಕಿತ್ತು. ಹೊಸ ಸೊಸೆಗೆ ಇದೆಂಥ ಶಾಸ್ತ್ರ ಎಂದು ನನಗೆ ದಿನಾ ಸಿಟ್ಟು. ಅತ್ತೆಗೆ ಆ ತಾಪತ್ರಯವೇ ಇರಲಿಲ್ಲ. ಮಾವ ತೀರಿಕೊಂಡ ಮೇಲೆ ಅವರು ಹೂವು ಮುಡಿದವರಲ್ಲ.

ಸಿಟ್ಟು ಬಹಳ ಹೊತ್ತು ನಿಲ್ಲುತ್ತಿರಲಿಲ್ಲ. ಪರದೆಯೊಳಗೆ ಬಿಸಿಲೂ ಹಾಲಿನ ಹಾಗೆ ಇಳಿಯುತ್ತಿತ್ತು, ಕಣ್ಣು ತೆರೆದೇ ನಿದ್ದೆ ಬಂದಂತಾಗುತ್ತಿತ್ತು. ಹೊರಗೆ ಬದುವಿನ ಬದನೆ ಹೂವಿಗೆ ಕರಿ ದುಂಬಿಯೊಂದು ಜೋತುಬಿದ್ದು ಮೈ ನಡುಗಿಸುತ್ತಿತ್ತು. ಆ ಗುಂಯ್ ಎನ್ನುವ ನಡುಕಕ್ಕೆ ಹೂವು ಬಚ್ಚಿಟ್ಟ ಪರಾಗ ಅದರ ಹೊಟ್ಟೆಯ ಮೇಲೆ ಉದುರುತ್ತಿತ್ತು. ನಾನು ಕೈಯ ಕೆಲಸ ಬಿಟ್ಟು ಅದನ್ನೇ ನೋಡುತ್ತ ನಿಲ್ಲುತ್ತಿದ್ದೆ, ಅತ್ತೆ ಕೆಮ್ಮಿ ಎಚ್ಚರಿಸುತ್ತಿದ್ದರು.

ಒಂದು ಬೆಳಿಗ್ಗೆ ಒಳಗೆ ಹೂವಿನ ಜೇನು ಹೀರುವ ಸೂರಕ್ಕಿಯೊಂದು ಸಿಕ್ಕಿಬಿದ್ದಿತ್ತು. ಹೆಬ್ಬೆರಳಿನಷ್ಟು ಜೀವ. ಬಾಗಿದ ಸೂಜಿಯಂಥ ಕೊಕ್ಕನ್ನು ಹೂವಿಂದ ಹೂವಿಗೆ ಚುಚ್ಚಿ ನೋಡುತ್ತಿತ್ತು. ಹಿಡಿಯಹೋದರೆ ಹಾರಿ ಮೇಲಿನ ಪರದೆಗೆ ಬಡಿದುಕೊಳ್ಳುತ್ತಿತ್ತು. ಇಷ್ಟು ಹೂವಿರುವಾಗ ಅದಕ್ಕೇನು ಕೊರತೆ ಎಂದೆ. ಅತ್ತೆ ತಲೆಯಾಡಿಸಿದರು.

"ಟೊಮ್ಯಾಟೊ ಹೂವಿನ್ಯಾಗ ಒಂದು ಹನಿ ಜೇನಿಲ್ಲ. ಹಿಂಗ ಬಿಟ್ರ ಹಸಕೊಂಡು ಸಾಯ್ತೈತಿ."

ನಾವು ನುಸುಳುವ ಕಿರಿದಾದ ಬಾಗಿಲು ಹಕ್ಕಿಗೆ ಕಾಣದು. ಆದರೆ ಹಗಲಲ್ಲಿ ಪರದೆ ಎತ್ತಿದರೆ ದುಂಬಿಗಳು ನುಗ್ಗುತ್ತವೆ. ಅವು ಗೂಡು ಸೇರುವ ತನಕ ಕಾಯಬೇಕು. ಮಧ್ಯಾಹ್ನದ ಹೊತ್ತಿಗೆ ಹಕ್ಕಿ ಗಿಡಕ್ಕೆ ಕಟ್ಟಿದ ಹುರಿಯ ಮೇಲೆ ಪುಕ್ಕ ಉಬ್ಬಿಸಿಕೊಂಡು ಕೂತುಬಿಟ್ಟಿತು. ನನಗೆ ಅಳುವೇ ಬಂತು. ತವರು ಬಿಟ್ಟು ಬಂದ ಹೊಸದು, ಅಳುವುದಕ್ಕೆ ಒಂದು ನೆಪ ಸಾಕಿತ್ತು.

ಹೊತ್ತು ಇಳಿದು ಗುಂಯ್‌ಗಾನ ನಿಂತ ಮೇಲೆ ಅತ್ತೆ ಮಣ್ಣಲ್ಲಿ ಹೂತಿದ್ದ ಪರದೆಯ ಅಂಚು ಬಿಡಿಸಿ ಎರಡೂ ಕೈಯಿಂದ ತಲೆಯ ಮೇಲೆತ್ತಿ ಹಿಡಿದರು. ನಾನು ಹೊರಗಿನಿಂದ ಕೆಂಪು ದಾಸವಾಳ ಕಿತ್ತು ತಂದು ಚಾಚಿದೆ. ನನ್ನ ಗಡಿಬಿಡಿಯ ಕೈ ಕಂಡು ಹಕ್ಕಿ ಹಿಂದೆ ಸರಿಯಿತು. ಅತ್ತೆ ಮಾತ್ರ ಕಂಬದಂತೆ ನಿಂತಿದ್ದರು. ಏನು ಹೊಳೆಯಿತೋ, ಸರಕ್ಕನೆ ಆ ಹೂವನ್ನು ಅವರ ತುರುಬಿಗೆ ಸಿಕ್ಕಿಸಿಬಿಟ್ಟೆ.

"ಏನ ಮಾಡಾಕತ್ತೀದಿ?" ಅತ್ತೆ ಕತ್ತು ತಿರುಗಿಸದೆಯೇ ಕೇಳಿದರು. ಕೈ ಬಿಟ್ಟರೆ ಪರದೆ ಬೀಳುತ್ತದೆ.

"ಅಲುಗಬ್ಯಾಡ್ರಿ ಅತ್ತಿ."

ಹಕ್ಕಿ ಬಂತು. ಅವರ ಹೆಗಲ ಮೇಲೆ ಕೂತು ದಾಸವಾಳದ ಬುಡಕ್ಕೆ ಕೊಕ್ಕಿಟ್ಟು ಕುಡಿಯಿತು, ಎಷ್ಟೋ ಹೊತ್ತು ಕುಡಿಯಿತು. ಅತ್ತೆ ಕಣ್ಣು ಮುಚ್ಚಿಕೊಂಡಿದ್ದರು. ಆಮೇಲೆ ಅದು ಎತ್ತಿದ ಪರದೆಯಡಿಯಿಂದ ಹೊಳೆಯ ಕಡೆಗೆ ಹಾರಿಹೋಯಿತು.

ಅಂಚಿಗೆ ಮತ್ತೆ ಮಣ್ಣೆಳೆದು ಇಬ್ಬರೂ ಕೈ ತೊಳೆದುಕೊಂಡೆವು. ಈಗ ಕಿತ್ತೆಸೆದು ಬೈಯುತ್ತಾರೆ ಎಂದು ನಾನು ಕಾಯುತ್ತಿದ್ದೆ. ಅವರು ತುರುಬು ಮುಟ್ಟಿ ನೋಡಿಕೊಂಡರು, ಜಾರುತ್ತಿದ್ದ ಹೂವನ್ನು ಸರಿಯಾಗಿ ಸಿಕ್ಕಿಸಿಕೊಂಡರು. ಊರ ದಾರಿಯಲ್ಲಿ ನನಗಿಂತ ಮುಂದೆ ನಡೆಯುತ್ತ, ತಿರುಗದೆಯೇ ಹೇಳಿದರು:

"ಯಾರರ ಕೇಳಿದ್ರ, ಹಕ್ಕಿಗೆ ಇಟ್ಟಿದ್ದು ಅಂತ ಹೇಳು."